ಒಕ್ಕೂಟ ಹಿಗ್ಗಿದಾಗ ನೆಲ, ನೀರು, ಗಾಳಿಗೆ ಏನಾಯಿತು? ಓದುಗರ ಪ್ರಶ್ನೆಗಳಿಗೆ ಉತ್ತರ

ಐರೋಪ್ಯ ಒಕ್ಕೂಟಕ್ಕೆ ಹೊಸ ದೇಶಗಳು ಸೇರುವ ಕ್ರಮವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿದವರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಎತ್ತಿವೆ: ಒಂದು ದೇಶ ಒಕ್ಕೂಟದ ಸದಸ್ಯನಾದರೆ ಅಲ್ಲಿನ ನದಿಗೆ, ಕಾಡಿಗೆ, ಗಾಳಿಗೆ ಒಳ್ಳೆಯದಾಗುತ್ತದೆಯೇ, ಕೆಡುಕಾಗುತ್ತದೆಯೇ? ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಾನ್ಯರೇ, 2004ರ ಮೇ 1ರಂದು ಪೋಲೆಂಡ್, ಜೆಕ್ ಗಣರಾಜ್ಯ, ಹಂಗೇರಿ ಮೊದಲಾದ ಹತ್ತು ದೇಶಗಳು ಒಕ್ಕೂಟಕ್ಕೆ ಸೇರಿದ್ದರಿಂದ ಅಲ್ಲಿನ ಗಾಳಿ ಶುದ್ಧವಾಯಿತೆಂದು ನಮ್ಮ ಅಧ್ಯಾಪಕರು ಹೇಳುತ್ತಾರೆ. ಕಮ್ಯುನಿಸ್ಟ್ ಕಾಲದ ಕಾರ್ಖಾನೆಗಳು ಮುಚ್ಚಿದ್ದರಿಂದ ಶುದ್ಧವಾಯಿತೇ ಹೊರತು ಒಕ್ಕೂಟದಿಂದಲ್ಲ ಎಂಬುದು ನನ್ನ ಸಹಪಾಠಿಯ ವಾದ. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಇಬ್ಬರೂ ಒಂದು ಸಂಗತಿಯನ್ನು ಬಿಟ್ಟಿದ್ದಾರೆ. ಅದನ್ನು ಕಾಣಲು ಜೆಕ್, ಪೋಲೆಂಡ್ ಮತ್ತು ಹಿಂದಿನ ಪೂರ್ವ ಜರ್ಮನಿಯ ಗಡಿಗಳು ಸೇರುವ ಪ್ರದೇಶಕ್ಕೆ ಹೋಗಬೇಕು. ಅದಕ್ಕೆ ‘ಕಪ್ಪು ತ್ರಿಕೋನ’ ಎಂಬ ಹೆಸರೇ ಬಿದ್ದಿತ್ತು. ಅಲ್ಲಿ ನೆಲದಡಿ ಸಿಗುವ ಲಿಗ್ನೈಟ್, ಅಂದರೆ ಗಂಧಕದ ಅಂಶ ಹೆಚ್ಚಿರುವ ಕಂದು ಕಲ್ಲಿದ್ದಲನ್ನು, ಗಣಿಯ ಪಕ್ಕದಲ್ಲೇ ಕಟ್ಟಿದ ವಿದ್ಯುತ್ ಸ್ಥಾವರಗಳಲ್ಲಿ ದಶಕಗಳ ಕಾಲ ಉರಿಸಲಾಯಿತು. ಆ ಹೊಗೆಯಿಂದ ಬಿದ್ದ ಆಮ್ಲಮಳೆಗೆ ಕ್ರುಶ್ನೆ ಹೋರಿ ಬೆಟ್ಟಸಾಲಿನ ಸ್ಪ್ರೂಸ್ ಕಾಡುಗಳು ನಿಂತಲ್ಲೇ ಒಣಗಿದವು. ಸತ್ತ ಮರಗಳನ್ನು ಕಡಿದು ತೆಗೆದ ಇಳಿಜಾರುಗಳಲ್ಲಿ ಊರಿನ ಮರ ಬದುಕುವುದಿಲ್ಲವೆಂದು, ಹೊಗೆಯನ್ನು ತಾಳಿಕೊಳ್ಳುತ್ತದೆಂಬ ಒಂದೇ ಗುಣಕ್ಕಾಗಿ ಉತ್ತರ ಅಮೆರಿಕದ ನೀಲಿ ಸ್ಪ್ರೂಸ್ ಸಸಿಗಳನ್ನು ತಂದು ನೆಟ್ಟರು. ತನ್ನ ಬೆಟ್ಟದಲ್ಲಿ ತನ್ನದೇ ಮರ ಬೆಳೆಯಲಾರದ ಸ್ಥಿತಿಗೆ ಒಂದು ನಾಡು ತಲುಪಿತ್ತೆಂಬುದನ್ನು ಬರೆಯುವಾಗಲೂ ಮನಸ್ಸು ಭಾರವಾಗುತ್ತದೆ.

ಈಗ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ಆ ಪ್ರದೇಶದ ತೆಪ್ಲಿಟ್ಸೆ ಪಟ್ಟಣದ ಜನ ಶುದ್ಧ ಗಾಳಿ ಬೇಕೆಂದು ಬೀದಿಗಿಳಿದದ್ದು 1989ರ ನವೆಂಬರ್ 11ರಂದು, ಎಂದರೆ ಪ್ರಾಗ್‌ನಲ್ಲಿ ಸರ್ಕಾರವನ್ನು ಉರುಳಿಸಿದ ಚಳವಳಿ ಆರಂಭವಾಗುವುದಕ್ಕೆ ಆರು ದಿನ ಮುಂಚೆ. ಹೊಸ ಸರ್ಕಾರ ವಾಯುಶುದ್ಧಿಯ ಕಾಯಿದೆ ತಂದದ್ದು 1991ರಲ್ಲಿ. ಆ ಕಾಯಿದೆ ಕೊಟ್ಟ ಗಡುವಿನಂತೆ 1998ರ ಕೊನೆಯ ಹೊತ್ತಿಗೆ ದೊಡ್ಡ ಸ್ಥಾವರಗಳಿಗೆ ಹೊಗೆಯಿಂದ ಗಂಧಕವನ್ನು ತೆಗೆಯುವ ಸಲಕರಣೆ ಅಳವಡಿಸಲಾಗಿತ್ತು, ಇಲ್ಲವೇ ಅವನ್ನು ಮುಚ್ಚಲಾಗಿತ್ತು. 1990ರಿಂದ 2000ದೊಳಗೆ ಜೆಕ್ ದೇಶದ ಗಂಧಕದ ಡೈಆಕ್ಸೈಡ್ ಹೊರಸೂಸುವಿಕೆ ಸುಮಾರು ಶೇ 85ರಿಂದ 90ರಷ್ಟು ಇಳಿಯಿತು. ಒಕ್ಕೂಟದ ಸದಸ್ಯತ್ವ ಬಂದದ್ದು ಇದೆಲ್ಲ ಮುಗಿದ ಮೇಲೆ. ಹಾಗೆಂದು ನಿಮ್ಮ ಸಹಪಾಠಿ ಪೂರ್ತಿ ಗೆದ್ದರೆಂದು ತಿಳಿಯಬೇಡಿ. 1991ರ ಆ ಕಾಯಿದೆಯ ಮಿತಿಗಳು ಜರ್ಮನಿಯ ನಿಯಮಗಳನ್ನು ಮಾದರಿಯಾಗಿ ಇಟ್ಟುಕೊಂಡವು. ಮುಂದೆ ಒಕ್ಕೂಟಕ್ಕೆ ಸೇರಬೇಕೆಂಬ ಆಸೆಯೂ ಆ ಕಾಲದ ನೀತಿಗಳ ಹಿಂದೆ ಇತ್ತು. ನಿಮ್ಮ ಚರ್ಚೆಯಲ್ಲಿ ಸೇರಬೇಕಾದ ಮೂರನೆಯ ಸಂಗತಿ ತೆಪ್ಲಿಟ್ಸೆಯ ಬೀದಿ. ಜನರೇ ಕೇಳದಿದ್ದರೆ ಕಾರ್ಖಾನೆ ಮುಚ್ಚಿದ ಮೇಲೂ ಹೊಸ ಹೊಗೆಗೊಳವೆ ಏಳುತ್ತಿತ್ತು.

ಪ್ರಶ್ನೆ: ಒಕ್ಕೂಟ ಸೇರುವ ದೇಶ ಪರಿಸರದ ವಿಷಯದಲ್ಲಿ ನಿಜವಾಗಿ ಏನು ಮಾಡಬೇಕಾಗುತ್ತದೆ? ಅದಕ್ಕೆ ಹಣ ಎಲ್ಲಿಂದ ಬರುತ್ತದೆ?

ಉತ್ತರ: ಒಕ್ಕೂಟದ ಕಾನೂನುಗಳನ್ನು ಅಧ್ಯಾಯಗಳಾಗಿ ವಿಂಗಡಿಸಿ ಒಂದೊಂದರ ಮೇಲೂ ಮಾತುಕತೆ ನಡೆಸುವುದು ಪದ್ಧತಿ. ಈಗಿನ ವಿಂಗಡಣೆಯಲ್ಲಿ ಪರಿಸರ ಮತ್ತು ಹವಾಮಾನ 27ನೆಯ ಅಧ್ಯಾಯ. ಕುಡಿಯುವ ನೀರು, ಕೊಳಚೆ ನೀರು, ಕಸ, ಕಾರ್ಖಾನೆಯ ಹೊಗೆ, ರಾಸಾಯನಿಕಗಳು, ಹಕ್ಕಿ ಮತ್ತು ಕಾಡುಪ್ರಾಣಿಗಳ ನೆಲೆಗಳು ಹೀಗೆ ನೂರಾರು ನಿಯಮಗಳನ್ನು ಅಭ್ಯರ್ಥಿ ದೇಶ ತನ್ನ ಶಾಸನದೊಳಗೆ ತರಬೇಕು. ಅವನ್ನು ಜಾರಿಮಾಡುವ ಇಲಾಖೆ, ಪ್ರಯೋಗಾಲಯ, ತನಿಖಾಧಿಕಾರಿಗಳು ಇದ್ದಾರೆಂದೂ ತೋರಿಸಬೇಕು. ಕಾಗದದ ಮೇಲಿನ ಕೆಲಸ ಬೇಗ ಮುಗಿಯುತ್ತದೆ. ಭೂಮಿಯ ಅಡಿಯಲ್ಲಿ ಕೊಳವೆ ಹೂಳುವ ಕೆಲಸ ಹಾಗಲ್ಲ. ಮಧ್ಯ ಮತ್ತು ಪೂರ್ವ ಯುರೋಪಿನ ಹತ್ತು ದೇಶಗಳು ಈ ನಿಯಮಗಳ ಮಟ್ಟಕ್ಕೆ ಏರಲು 8,000ದಿಂದ 12,000 ಕೋಟಿ ಯೂರೋ ಬೇಕಾಗಬಹುದೆಂದು 1990ರ ದಶಕದಲ್ಲೇ ಒಕ್ಕೂಟದ ಆಡಳಿತಾಂಗವಾದ ಐರೋಪ್ಯ ಆಯೋಗ ಅಂದಾಜು ಮಾಡಿತ್ತು. ಅದರಲ್ಲಿ ದೊಡ್ಡದೊಂದು ಪಾಲು ಕೊಳಚೆ ನೀರಿಗೆ ಬೇಕಾಗಿತ್ತು.

ಅದಕ್ಕಾಗಿಯೇ ಗಡುವುಗಳನ್ನು ಸಡಿಲಿಸಲಾಯಿತು. ನಗರಗಳ ಕೊಳಚೆ ನೀರನ್ನು ಶುದ್ಧಗೊಳಿಸಲು ಪೋಲೆಂಡಿಗೆ 2015ರ ಕೊನೆಯವರೆಗೆ, 2007ರಲ್ಲಿ ಸೇರಿದ ರೊಮೇನಿಯಾಕ್ಕೆ 2018ರ ಕೊನೆಯವರೆಗೆ ಸಮಯ ಕೊಟ್ಟರು. ಹಣದ ಒಂದು ಭಾಗ ಒಕ್ಕೂಟದ ನಿಧಿಗಳಿಂದ ಬಂತು. ಉಳಿದದ್ದನ್ನು ಆಯಾ ದೇಶ ತನ್ನ ಬೊಕ್ಕಸದಿಂದ, ಸಾಲದಿಂದ, ನೀರಿನ ಬಿಲ್ಲಿನಿಂದ ಹೊಂದಿಸಬೇಕಾಯಿತು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸುಮಾರು 20 ಲಕ್ಷ ಜನರ ಬುಕಾರೆಸ್ಟ್ ನಗರದ ಶೌಚದ ನೀರು 2011ರವರೆಗೂ ಶುದ್ಧವಾಗದೆ ದಂಬೊವಿತ್ಸಾ ನದಿಗೆ ಬೀಳುತ್ತಿತ್ತು. ಅಲ್ಲಿಂದ ಆರ್ಜೆಶ್ ನದಿಗೆ, ಆರ್ಜೆಶ್‌ನಿಂದ ಡ್ಯಾನ್ಯೂಬಿಗೆ, ಡ್ಯಾನ್ಯೂಬಿನಿಂದ ಕಪ್ಪು ಸಮುದ್ರಕ್ಕೆ ಹೋಗುತ್ತಿತ್ತು. ಗ್ಲಿನಾ ಎಂಬಲ್ಲಿ ಅರ್ಧಕ್ಕೆ ನಿಂತಿದ್ದ ಶುದ್ಧೀಕರಣ ಘಟಕವನ್ನು ಒಕ್ಕೂಟದ ನೆರವಿನಿಂದ ಮುಗಿಸಿ ನಡೆಸಲಾರಂಭಿಸಿದ್ದು ಆ ವರ್ಷ. ವಾರ್ಸಾದ ಎಡದಂಡೆಯ ಕೊಳಚೆ ವಿಸ್ತುಲಾ ನದಿಗೆ ನೇರವಾಗಿ ಸೇರುವುದು ನಿಂತದ್ದು 2012ರಲ್ಲಿ, ನದಿಯ ತಳದಡಿಯಲ್ಲಿ ಸುರಂಗ ಕೊರೆದು ಕೊಳವೆ ಹಾಯಿಸಿ ಬಲದಂಡೆಯ ಚೈಕಾ ಘಟಕಕ್ಕೆ ಅದನ್ನು ಒಯ್ದ ಮೇಲೆ. 2019 ಮತ್ತು 2020ರಲ್ಲಿ ಅದೇ ಕೊಳವೆಸಾಲು ಕೆಟ್ಟು ಕೊಳಚೆ ಮತ್ತೆ ವಿಸ್ತುಲಾಕ್ಕೆ ನುಗ್ಗಿತೆಂಬುದನ್ನೂ ಸೇರಿಸಿ ಹೇಳಬೇಕು. ಆದರೂ ಸದಸ್ಯತ್ವದಿಂದ ಆದ ನಿಸ್ಸಂದೇಹವಾದ ಒಳಿತು ಯಾವುದೆಂದು ಕೇಳಿದರೆ ನಾನು ಹೊಗೆಗೊಳವೆಗಿಂತ ಮೊದಲು ಕೊಳಚೆಯ ಕೊಳವೆಯನ್ನೇ ತೋರಿಸುತ್ತೇನೆ, ಏಕೆಂದರೆ ಆ ಕೆಲಸ ಸ್ವಂತ ಹಣದಲ್ಲಿ ಇಷ್ಟು ಬೇಗ ಆಗುತ್ತಿರಲಿಲ್ಲ.

ಪ್ರಶ್ನೆ: ಅಣುಸ್ಥಾವರಗಳನ್ನು ಮುಚ್ಚಿದರೆ ಮಾತ್ರ ಒಳಗೆ ಬಿಡುತ್ತೇವೆ ಎಂದು ಕೆಲವು ದೇಶಗಳಿಗೆ ಹೇಳಿದ್ದರಂತೆ. ಇದು ನಿಜವೇ? ಅಣುವಿದ್ಯುತ್ತಿನಲ್ಲಿ ಇಂಗಾಲದ ಹೊಗೆ ಇಲ್ಲವಲ್ಲ, ಆ ನಿರ್ಧಾರ ಸರಿಯಾಗಿತ್ತೇ?

ಉತ್ತರ: ನಿಜ. ಲಿಥುವೇನಿಯಾದ ಇಗ್ನಲಿನಾ ಸ್ಥಾವರದ ಎರಡು ಘಟಕಗಳು ಚೆರ್ನೊಬಿಲ್‌ನಲ್ಲಿ ಸಿಡಿದ ಮಾದರಿಯವೇ. ಸುತ್ತ ಗಟ್ಟಿ ರಕ್ಷಣಾ ಗುಮ್ಮಟ ಇಲ್ಲದವು. ಮೊದಲನೆಯದನ್ನು 2004ರ ಡಿಸೆಂಬರ್ 31ರಂದು, ಎರಡನೆಯದನ್ನು 2009ರ ಡಿಸೆಂಬರ್ 31ರಂದು ನಿಲ್ಲಿಸಲಾಯಿತು. ಸ್ಲೊವಾಕಿಯಾದ ಬೊಹುನಿತ್ಸೆಯ ಎರಡು ಹಳೆಯ ಘಟಕಗಳನ್ನೂ ಬಲ್ಗೇರಿಯಾದ ಕೊಜ್ಲೊದುಯ್‌ನ ನಾಲ್ಕು ಘಟಕಗಳನ್ನೂ ಇದೇ ಷರತ್ತಿನಡಿ ಮುಚ್ಚಿಸಲಾಯಿತು.

ತನ್ನ ವಿದ್ಯುತ್ತಿನ ಬಹುಪಾಲನ್ನು ಇಗ್ನಲಿನಾದಿಂದ ಪಡೆಯುತ್ತಿದ್ದ, ಮಿಕ್ಕಿದ್ದನ್ನು ಹೊರಗೆ ಮಾರುತ್ತಿದ್ದ ಲಿಥುವೇನಿಯಾ 2010ರಿಂದ ವಿದ್ಯುತ್ ಕೊಳ್ಳುವ ದೇಶವಾಯಿತು. ಕೆಲವು ವರ್ಷ ರಷ್ಯಾದ ಅನಿಲವನ್ನು ಹೆಚ್ಚು ಉರಿಸಿತು. ಎರಡನೆಯ ಘಟಕವನ್ನು ಇನ್ನಷ್ಟು ಕಾಲ ನಡೆಸಬೇಕೇ ಎಂದು 2008ರಲ್ಲಿ ಅಲ್ಲಿ ಜನಮತ ಕೇಳಿದಾಗ ಮತ ಹಾಕಿದವರಲ್ಲಿ ಹೆಚ್ಚಿನವರು ಬೇಕೆಂದರು, ಆದರೆ ಅರ್ಧದಷ್ಟು ಮತದಾರರೂ ಬರದ ಕಾರಣ ಅದು ಊರ್ಜಿತವಾಗಲಿಲ್ಲ. ಇಂಗಾಲದ ಲೆಕ್ಕ ಒಂದನ್ನೇ ಹಿಡಿದರೆ ಇದು ನಷ್ಟ. ಆದರೆ ಅಪಘಾತವಾದರೆ ವಿಕಿರಣ ಗಡಿಯ ಬಳಿ ನಿಲ್ಲುವುದಿಲ್ಲ. 1986ರ ಚೆರ್ನೊಬಿಲ್ ಅನುಭವ ಉಳ್ಳ ನೆರೆಯವರಿಗೆ ಹಾಗೆ ಕೇಳುವ ಹಕ್ಕಿತ್ತೆಂದೇ ನನ್ನ ಅಭಿಪ್ರಾಯ. ಮುಚ್ಚುವ ಮೊದಲು ಬದಲಿ ವಿದ್ಯುತ್ತಿನ ವ್ಯವಸ್ಥೆ ಮಾಡಿಸಬೇಕಾಗಿತ್ತು ಎಂಬ ಲಿಥುವೇನಿಯನ್ನರ ದೂರು ಮಾತ್ರ ನ್ಯಾಯವಾದದ್ದು.

ಪ್ರಶ್ನೆ: ನಾನು ಹಕ್ಕಿಗಳನ್ನು ನೋಡುವ ಹವ್ಯಾಸವುಳ್ಳವಳು. ಪೋಲೆಂಡ್ ಮತ್ತು ರೊಮೇನಿಯಾದ ಹಳ್ಳಿಗಳಲ್ಲಿ ಬಿಳಿ ಕೊಕ್ಕರೆಗಳು ಮನೆಗಳ ಮೇಲೆಯೇ ಗೂಡು ಕಟ್ಟುತ್ತವೆಂದು ಓದಿದ್ದೇನೆ. ಒಕ್ಕೂಟದ ಕೃಷಿ ಸಹಾಯಧನ ಬಂದ ಮೇಲೆ ಆ ಹಕ್ಕಿಗಳಿಗೂ ಹುಲ್ಲುಗಾವಲುಗಳಿಗೂ ಏನಾಯಿತು?

ಉತ್ತರ: ನಿಮ್ಮ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕು, ಏಕೆಂದರೆ ಈ ಇಡೀ ವಿಷಯದಲ್ಲಿ ಅತಿ ಕಡಿಮೆ ಚರ್ಚೆಯಾದದ್ದೂ ಅತಿ ಹೆಚ್ಚು ಹಾನಿಯಾದದ್ದೂ ಇಲ್ಲಿಯೇ ಎಂದು ನಾನು ನಂಬಿದ್ದೇನೆ.

ಪಶ್ಚಿಮ ಯುರೋಪಿನಲ್ಲಿ ಒಕ್ಕೂಟದ ಸಾಮಾನ್ಯ ಕೃಷಿ ನೀತಿ ದಶಕಗಳ ಕಾಲ ಹೆಚ್ಚು ಬೆಳೆದವನಿಗೆ ಹೆಚ್ಚು ಹಣ ಕೊಟ್ಟಿತ್ತು. ಅದರ ಫಲವಾಗಿ ಬೇಲಿಗಿಡಗಳು, ಜೌಗು, ಹೊಲದ ಅಂಚಿನ ಹೂಗಿಡಗಳು ಹೋದವು. ಅವುಗಳ ಜೊತೆಗೆ ಬಾನಾಡಿ, ಕೌಜುಗಳಂಥ ಹೊಲದ ಹಕ್ಕಿಗಳೂ ಕಡಿಮೆಯಾದವು. ಪೂರ್ವದಲ್ಲಿ ಹಾಗಾಗಿರಲಿಲ್ಲ. ಪೋಲೆಂಡಿನಲ್ಲಿ ಕಮ್ಯುನಿಸ್ಟ್ ಆಡಳಿತದಲ್ಲೂ ಹೆಚ್ಚಿನ ಜಮೀನು ಸಣ್ಣ ರೈತರ ಕೈಯಲ್ಲೇ ಉಳಿದಿತ್ತು. 1990ರ ನಂತರ ರೈತರಿಗೆ ಗೊಬ್ಬರ ಮತ್ತು ಕೀಟನಾಶಕ ಕೊಳ್ಳಲು ಹಣವೇ ಇರಲಿಲ್ಲ. ಬಡತನದ ಆ ವರ್ಷಗಳು ಹಕ್ಕಿಗಳ ಪಾಲಿಗೆ ಸುಭಿಕ್ಷದ ವರ್ಷಗಳಾಗಿದ್ದವು. ಹೀಗೆ ಹೇಳುವಾಗ ರೈತ ಬಡವನಾಗಿಯೇ ಇರಲಿ ಎಂಬ ಅರ್ಥ ಬಾರದಂತೆ ಎಚ್ಚರ ವಹಿಸಬೇಕು. ಆ ಹಳ್ಳಿಯವರಿಗೂ ಎಲ್ಲರಂತೆ ಬದುಕುವ ಹಕ್ಕಿದೆ.

ರೊಮೇನಿಯಾದ ಟ್ರಾನ್ಸಿಲ್ವೇನಿಯಾ ಪ್ರದೇಶದ ಒಂದು ಹುಲ್ಲುಗಾವಲನ್ನು ಕಣ್ಮುಂದೆ ತಂದುಕೊಳ್ಳಿ. ಅದನ್ನು ಯಾರೂ ಉತ್ತಿಲ್ಲ, ಗೊಬ್ಬರ ಹಾಕಿಲ್ಲ. ಬೇಸಿಗೆಯಲ್ಲಿ ಹೂಗಳು ಬೀಜ ಕಟ್ಟಿದ ಮೇಲೆ ಮನೆಯವರೆಲ್ಲ ಸೇರಿ ಉದ್ದ ಹಿಡಿಯ ಕುಡುಗೋಲಿನಿಂದ ಒಮ್ಮೆ ಕೊಯ್ದು, ಬಿಸಿಲಿಗೆ ಹರವಿ, ಮರದ ಕಂಬದ ಸುತ್ತ ಬಣವೆ ಒಟ್ಟಿ, ಕುದುರೆ ಗಾಡಿಯಲ್ಲಿ ಮನೆಗೆ ಸಾಗಿಸುತ್ತಾರೆ. ನೂರಾರು ವರ್ಷ ಹೀಗೆಯೇ ನಡೆದುಬಂದ ಕ್ಲುಜ್ ನಗರದ ಸಮೀಪದ ಒಂದು ಹುಲ್ಲುಗಾವಲಿನಲ್ಲಿ ಬರೀ 10 ಚದರ ಮೀಟರ್ ಜಾಗದಲ್ಲಿ ಸಸ್ಯವಿಜ್ಞಾನಿಗಳು 98 ಜಾತಿಯ ಗಿಡಗಳನ್ನು ಎಣಿಸಿದ್ದಾರೆ. ಒಂದು ಸಣ್ಣ ಕೋಣೆಯಷ್ಟು ನೆಲ ಅದು. ಅಲ್ಲಿ ಜೀವವೈವಿಧ್ಯವನ್ನು ಉಳಿಸಿದ್ದು ಆ ಕುಡುಗೋಲು. ಕೊಯ್ಯುವುದನ್ನು ಬಿಟ್ಟರೆ ಪೊದೆ ಬೆಳೆದು ಹೂಗಿಡಗಳು ಹೋಗುತ್ತವೆ, ಉತ್ತು ಗೊಬ್ಬರ ಹಾಕಿದರೂ ಹೋಗುತ್ತವೆ.

ಸದಸ್ಯತ್ವ ಬಂದಾಗ ಆದದ್ದು ಈ ಎರಡೂ. ಹೊಸ ದೇಶಗಳ ರೈತರಿಗೆ ನೇರ ಸಹಾಯಧನವನ್ನು ಹಳೆಯ ದೇಶಗಳ ಮಟ್ಟದ ಶೇ 25ರಿಂದ ಆರಂಭಿಸಿ ಹತ್ತು ವರ್ಷಗಳಲ್ಲಿ ಶೇ 100ಕ್ಕೆ ಏರಿಸುವುದೆಂದು ಒಪ್ಪಂದವಾಗಿತ್ತು. ಬಹುಪಾಲು ಹೊಸ ದೇಶಗಳಲ್ಲಿ ಹಣವನ್ನು ಹೆಕ್ಟೇರ್ ಲೆಕ್ಕದಲ್ಲಿ ಹಂಚಿದರು. ಅಳತೆ ಮಾಡುವವರ ಕಣ್ಣಿಗೆ ಹೊಲದ ನಡುವಿನ ಪೊದೆ, ಗುಂಪುಮರ, ಕೆಸರಿನ ಹೊಂಡ ಇವೆಲ್ಲ ಸಾಗುವಳಿಯಲ್ಲದ ನೆಲ. ಅಷ್ಟು ಜಾಗದ ಹಣ ಕಡಿತ. ಆದ್ದರಿಂದ ಪೊದೆ ತೆಗೆದು ಹೊಂಡ ಮುಚ್ಚುವುದೇ ಲಾಭವೆಂದು ಅನೇಕ ರೈತರಿಗೆ ತೋರಿತು, ಮತ್ತು ನಿಯಮವನ್ನು ಓದಿದರೆ ಅವರನ್ನು ದೂರುವಂತಿಲ್ಲ. ಇನ್ನೊಂದೆಡೆ ಒಂದು ಹೆಕ್ಟೇರಿಗಿಂತ ಕಡಿಮೆ ಹಿಡುವಳಿ ಇದ್ದವರು ಸಾಮಾನ್ಯವಾಗಿ ಸಹಾಯಧನಕ್ಕೆ ಅರ್ಹರೇ ಆಗಲಿಲ್ಲ. ಹಳ್ಳಿಯ ಯುವಜನರು ಕೆಲಸ ಹುಡುಕಿ ಇಟಲಿಗೆ, ಸ್ಪೇನಿಗೆ, ಜರ್ಮನಿಗೆ ಹೋದರು. ಕುಡುಗೋಲು ಹಿಡಿಯುವ ಕೈಗಳಿಲ್ಲದ ಬೆಟ್ಟದ ಹುಲ್ಲುಗಾವಲುಗಳು ಪೊದೆಗಳಾದವು, ಬಯಲಿನವು ಮೆಕ್ಕೆಜೋಳದ ಹೊಲಗಳಾದವು.

ಒಕ್ಕೂಟ ಕೈಕಟ್ಟಿ ಕುಳಿತಿತೆಂದು ಹೇಳಿದರೆ ತಪ್ಪಾಗುತ್ತದೆ. ಹಕ್ಕಿಗಳಿಗೆ ಅನುಕೂಲವಾಗಿ ತಡವಾಗಿ ಹುಲ್ಲು ಕೊಯ್ಯುವ ರೈತರಿಗೆ ಪ್ರತ್ಯೇಕ ಹಣ ಕೊಡುವ ಯೋಜನೆಗಳು ಬಂದವು. ಪೋಲೆಂಡಿನ ಬಿಯೆಬ್ಜಾ ಜೌಗುನೆಲದಲ್ಲಿ ಆಕ್ವಾಟಿಕ್ ವಾರ್ಬ್ಲರ್ ಎಂಬ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ, ಹಳದಿ ಗೀರಿನ ಹಕ್ಕಿ ಇದೆ. ಪ್ರಪಂಚದಲ್ಲಿ ಅದರ ದೊಡ್ಡ ನೆಲೆಗಳಲ್ಲಿ ಇದೊಂದು. ಜೌಗನ್ನು ಕೈಯಲ್ಲಿ ಕೊಯ್ಯುವವರು ಇಲ್ಲವಾದಾಗ ಹಿಮದ ಇಳಿಜಾರುಗಳನ್ನು ಸಮಮಾಡುವ ಅಗಲ ಪಟ್ಟಿಯ ಯಂತ್ರಗಳನ್ನು ಮಾರ್ಪಡಿಸಿ, ಕೆಸರಿನಲ್ಲಿ ಹೂತುಹೋಗದಂತೆ ಓಡಿಸಿ ಹುಲ್ಲು ಕೊಯ್ಯಲಾರಂಭಿಸಿದರು. ಹಕ್ಕಿಗೆ ಬಯಲು ಉಳಿಯಿತು. ಆದರೆ ಒಂದೇ ಜಾಗದಲ್ಲಿ ಯಂತ್ರ ಪದೇಪದೇ ಓಡಾಡಿದರೆ ಹುಲ್ಲಿನ ದಿಬ್ಬೆಗಳು ಚಪ್ಪಟೆಯಾಗುತ್ತವೆ ಎಂಬ ಆತಂಕವೂ ಜೊತೆಗೇ ಬಂತು. ಇನ್ನು ಹುಲ್ಲಿನಲ್ಲೇ ಗೂಡು ಕಟ್ಟುವ ಕಾರ್ನ್‌ಕ್ರೇಕ್ ಹಕ್ಕಿಗಾಗಿ ಹೊಲವನ್ನು ನಡುವಿನಿಂದ ಅಂಚಿನ ಕಡೆಗೆ ಕೊಯ್ಯಬೇಕೆಂದು ರೈತರಿಗೆ ಹೇಳಿಕೊಟ್ಟರು. ಅಂಚಿನಿಂದ ನಡುವಿಗೆ ಕೊಯ್ದರೆ ಹಾರಲಾರದ ಮರಿಗಳು ಕೊನೆಯ ಹುಲ್ಲಿನ ತುಂಡಿನಲ್ಲಿ ಸಿಕ್ಕಿ ಬ್ಲೇಡಿಗೆ ಬಲಿಯಾಗುತ್ತವೆ. ನಡುವಿನಿಂದ ಹೊರಟರೆ ಓಡಿ ಪಾರಾಗುತ್ತವೆ. ಇಂಥ ಕೆಲಸಗಳಿಗೆ ಸಿಕ್ಕ ಹಣ ಹೆಕ್ಟೇರ್ ಲೆಕ್ಕದ ಸಹಾಯಧನದ ಮುಂದೆ ತೀರಾ ಸಣ್ಣದು. ನೀವು ಕೇಳಿದ ಬಿಳಿ ಕೊಕ್ಕರೆ ಇಂದಿಗೂ ಪೋಲೆಂಡಿನ ಹಳ್ಳಿಗಳಲ್ಲಿ ಇದೆ. ಆದರೆ ಅದು ಕಪ್ಪೆ, ಮಿಡತೆ ಹುಡುಕುವ ಒದ್ದೆ ಹುಲ್ಲುಗಾವಲು ಕಿರಿದಾಗಿದೆ, ಪಶ್ಚಿಮ ಪೋಲೆಂಡಿನಲ್ಲಿ ಅದರ ಸಂಖ್ಯೆ ಇಳಿದಿದೆ.

ಪ್ರಶ್ನೆ: ಒಳಗೆ ಸೇರಿದ ಮೇಲೆ ಒಂದು ದೇಶ ಮಾತು ತಪ್ಪಿದರೆ ಏನು ಮಾಡುತ್ತಾರೆ? ಹೊರಗೆ ಹಾಕಲು ಬರುವುದಿಲ್ಲವಲ್ಲ?

ಉತ್ತರ: ಹೊರಗೆ ಹಾಕಲು ಬರುವುದಿಲ್ಲ, ಹೌದು. ಬಾಗಿಲ ಹೊರಗೆ ನಿಂತ ದೇಶಕ್ಕೆ ಷರತ್ತು ಹಾಕುವುದು ಸುಲಭ. ಒಳಗೆ ಬಂದ ಮೇಲೆ ಉಳಿಯುವುದು ಲಕ್ಸೆಂಬರ್ಗಿನಲ್ಲಿರುವ ಐರೋಪ್ಯ ನ್ಯಾಯಾಲಯ ಮತ್ತು ಹಣದ ತಡೆ. ಪೋಲೆಂಡಿನ ಮೂರು ಪ್ರಕರಣಗಳಲ್ಲಿ ಈ ವ್ಯವಸ್ಥೆಯ ಬಲವೂ ಮಿತಿಯೂ ಕಾಣುತ್ತವೆ.

ಮೊದಲನೆಯದು ರೊಸ್ಪುದಾ ಕಣಿವೆ. ಆಗುಸ್ತುವ್ ಪಟ್ಟಣದ ನಡುವೆ ಹಗಲಿರುಳು ಲಾರಿಗಳು ಹಾಯುತ್ತಿದ್ದವು. ಅಲ್ಲಿನ ಜನಕ್ಕೆ ಬೈಪಾಸ್ ರಸ್ತೆ ನಿಜವಾಗಿಯೂ ಬೇಕಾಗಿತ್ತು. ಆದರೆ ಅದನ್ನು ‘ನಾತುರಾ 2000’ ಎಂಬ ಒಕ್ಕೂಟದ ಸಂರಕ್ಷಿತ ನೆಲೆಗಳ ಜಾಲಕ್ಕೆ ಸೇರಿದ ಪೀಟ್ ಜೌಗಿನ ಮೇಲೆ ಹಾಯಿಸಲು ಹೊರಟಿದ್ದರು. 2007ರಲ್ಲಿ ಆಯೋಗ ನ್ಯಾಯಾಲಯಕ್ಕೆ ಹೋಯಿತು, ಕಾಮಗಾರಿ ನಿಂತಿತು, 2009ರಲ್ಲಿ ಸರ್ಕಾರ ದಾರಿಯನ್ನೇ ಬದಲಿಸಿತು. 2014ರಲ್ಲಿ ಬೈಪಾಸ್ ತೆರೆಯಿತು. ಲಾರಿಗಳೂ ಪಟ್ಟಣದಿಂದ ಹೋದವು, ಜೌಗೂ ಉಳಿಯಿತು. ಆ ರಸ್ತೆ ಬಾಲ್ಟಿಕ್ ದೇಶಗಳಿಗೆ ಹೋಗುವ, ಒಕ್ಕೂಟವೇ ಬೇಕೆಂದ ಹೆದ್ದಾರಿಯ ಭಾಗವೆಂದು ಯೋಜಿತವಾಗಿತ್ತೆಂಬುದನ್ನು ಮರೆಯಬಾರದು. ರಸ್ತೆ ಬೇಕೆನ್ನುವುದೂ ಜೌಗು ಉಳಿಯಬೇಕೆನ್ನುವುದೂ ಒಂದೇ ಒಕ್ಕೂಟ.

ಎರಡನೆಯದು ಬಿಯಾಲೊವೇಜಾ, ಯುರೋಪಿನ ಬಯಲುಸೀಮೆಯ ಪುರಾತನ ಕಾಡಿನ ಉಳಿದ ತುಣುಕು, ಕಾಡೆಮ್ಮೆಯಂಥ ಐರೋಪ್ಯ ಬೈಸನ್‌ನ ನೆಲೆ. ತೊಗಟೆ ಕೊರೆಯುವ ದುಂಬಿಯ ಹಾವಳಿಯ ಕಾರಣ ಹೇಳಿ 2016ರಲ್ಲಿ ಅದರ ಒಂದು ವಲಯದಲ್ಲಿ ಹತ್ತು ವರ್ಷಕ್ಕೆ ಕಡಿಯಬಹುದಾದ ಮರದ ಪ್ರಮಾಣವನ್ನು 63,000 ಘನ ಮೀಟರಿನಿಂದ 1,88,000 ಘನ ಮೀಟರಿಗೆ ಏರಿಸಿದರು. 2017ರ ಜುಲೈನಲ್ಲಿ ನ್ಯಾಯಾಲಯ ನಿಲ್ಲಿಸಿ ಎಂದಿತು; ಕಡಿಯುವುದು ಮುಂದುವರಿಯಿತು. ನವೆಂಬರಿನಲ್ಲಿ, ಆದೇಶ ಪಾಲಿಸದಿದ್ದರೆ ದಿನಕ್ಕೆ ಕನಿಷ್ಠ ಒಂದು ಲಕ್ಷ ಯೂರೋ ದಂಡ ಎಂದಿತು, ಆಗ ನಿಂತಿತು. 2018ರ ಏಪ್ರಿಲ್ 17ರ ತೀರ್ಪು ಆ ಕಡಿತ ಕಾನೂನುಬಾಹಿರವೆಂದು ಸಾರಿತು. ನಡುವೆ ಉರುಳಿದ ಮರಗಳನ್ನು ಯಾವ ತೀರ್ಪೂ ಮತ್ತೆ ನಿಲ್ಲಿಸಲಾರದು.

ಮೂರನೆಯದು ತೂರುವ್ ಲಿಗ್ನೈಟ್ ಗಣಿ. ಜೆಕ್ ಗಡಿಯ ಉಹೆಲ್ನಾ ಎಂಬ ಪುಟ್ಟ ಹಳ್ಳಿಯವರ ಬಾವಿಗಳಲ್ಲಿ ನೀರು ಇಳಿಯುತ್ತ ಹೋಯಿತು. ಗಡಿಯಾಚೆ ಪೋಲೆಂಡಿನ ಗಣಿಯ ಆಳ ಹೆಚ್ಚಿದಂತೆ ಅಂತರ್ಜಲ ಆ ಕಡೆಗೆ ಬಸಿಯುತ್ತಿದೆ ಎಂಬುದು ಅವರ ದೂರು. 2021ರ ಫೆಬ್ರವರಿಯಲ್ಲಿ ಜೆಕ್ ಸರ್ಕಾರವೇ ಪೋಲೆಂಡಿನ ಮೇಲೆ ಮೊಕದ್ದಮೆ ಹೂಡಿತು. ಕೆಲಸ ನಿಲ್ಲಿಸಿ ಎಂಬ ಆದೇಶವನ್ನು ಪೋಲೆಂಡ್ ಪಾಲಿಸದಿದ್ದಾಗ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ದಿನಕ್ಕೆ 5 ಲಕ್ಷ ಯೂರೋ ದಂಡ ಹಾಕಿತು; ಕಟ್ಟದ ದಂಡವನ್ನು ಆಯೋಗ ಪೋಲೆಂಡಿಗೆ ಕೊಡಬೇಕಾದ ಹಣದಲ್ಲೇ ಮುರಿದುಕೊಂಡಿತು. 2022ರ ಫೆಬ್ರವರಿಯಲ್ಲಿ ಪೋಲೆಂಡ್ ಕಡೆಯಿಂದ 4.5 ಕೋಟಿ ಯೂರೋ ಪರಿಹಾರ ಮತ್ತು ನೀರು ಬಸಿಯದಂತೆ ಭೂಗತ ತಡೆಗೋಡೆ ಎಂಬ ರಾಜಿಯಾಗಿ ಮೊಕದ್ದಮೆ ಹಿಂತೆಗೆಯಲಾಯಿತು. ಗಣಿ ಮುಚ್ಚಲಿಲ್ಲ. ಆದರೂ ಒಂದು ಹಳ್ಳಿಯ ಬಾವಿಯ ದೂರು ನೆರೆಯ ದೇಶದ ಸರ್ಕಾರವನ್ನು ಕಟಕಟೆಗೆ ತಂದಿತಲ್ಲ, ಎರಡೂ ದೇಶ ಒಂದೇ ಕಾನೂನಿನಡಿ ಇರದಿದ್ದರೆ ಅಂಥ ಕಟಕಟೆಯೇ ಇರುತ್ತಿರಲಿಲ್ಲ.

ಪ್ರಶ್ನೆ: ಸದಸ್ಯತ್ವದಿಂದ ಕೈಗಾರಿಕಾ ದುರಂತಗಳು ತಪ್ಪಿವೆಯೇ?

ಉತ್ತರ: ತಪ್ಪಿವೆ ಎಂದು ಧೈರ್ಯವಾಗಿ ಹೇಳುವಂತಿಲ್ಲ. 2000ದ ಜನವರಿ 30ರ ರಾತ್ರಿ ರೊಮೇನಿಯಾದ ಬಾಯಾ ಮಾರೆ ಬಳಿ ಚಿನ್ನ ತೆಗೆಯುವ ಘಟಕದ ಕೆಸರು ಕೊಳದ ಒಡ್ಡು ಒಡೆದು ಸುಮಾರು ಒಂದು ಲಕ್ಷ ಘನ ಮೀಟರ್ ಸಯನೈಡ್ ಮಿಶ್ರಿತ ನೀರು ನದಿಗೆ ನುಗ್ಗಿತು. ಹಂಗೇರಿಯ ತಿಸಾ ನದಿಯಲ್ಲಿ ಸಾವಿರ ಟನ್ನಿಗೂ ಮಿಕ್ಕಿ ಮೀನು ಸತ್ತವು. ಆಗ ಎರಡೂ ದೇಶ ಒಕ್ಕೂಟದ ಹೊರಗಿದ್ದವು. ಆ ಆಘಾತವೂ ಅದಕ್ಕೆ ಮುಂಚಿನ ಸ್ಪೇನಿನ ಅಸ್ನಾಲ್ಕೊಯಾರ್ ಗಣಿಯ ತ್ಯಾಜ್ಯದ ಒಡ್ಡು ಒಡೆದ ಅವಘಡವೂ ಸೇರಿ 2006ರಲ್ಲಿ ಗಣಿ ತ್ಯಾಜ್ಯದ ಮೇಲೆ ಒಕ್ಕೂಟ ಹೊಸ ನಿಯಮ ತಂದಿತು.

ನಾಲ್ಕು ವರ್ಷದ ನಂತರ, 2010ರ ಅಕ್ಟೋಬರ್ 4ರಂದು, ಆಗಲೇ ಆರು ವರ್ಷದಿಂದ ಸದಸ್ಯನಾಗಿದ್ದ ಹಂಗೇರಿಯ ಆಯ್ಕಾದಲ್ಲಿ ಅಲ್ಯೂಮಿನಾ ಕಾರ್ಖಾನೆಯ ಕೆಂಪು ಕೆಸರಿನ ಕಟ್ಟೆ ಒಡೆಯಿತು. ಸುಡುವಷ್ಟು ಕ್ಷಾರವಾಗಿದ್ದ ಆ ಕೆಸರು ಕೊಲೊಂತಾರ್ ಮತ್ತು ದೆವೆಚೆರ್‌ನ ಮನೆಗಳಿಗೆ ನುಗ್ಗಿ ಹತ್ತು ಜನ ಸತ್ತರು. ಮಾರ್ಸಲ್ ನದಿಯಲ್ಲಿ ಜೀವವೇ ಉಳಿಯಲಿಲ್ಲ. ಕಾರ್ಖಾನೆಗೆ ಪರವಾನಗಿ ಇತ್ತು, ಕಾನೂನೂ ಇತ್ತು. ಒಡ್ಡಿನ ಗೋಡೆಯನ್ನು ಹೋಗಿ ನೋಡುವ ಎಚ್ಚರದ ಕಣ್ಣು ಇರಲಿಲ್ಲ.

ಪ್ರಶ್ನೆ: ಹಳೆಯ ಶ್ರೀಮಂತ ದೇಶಗಳು ತಮ್ಮ ಕೊಳೆಯನ್ನು ಹೊಸಬರ ಅಂಗಳಕ್ಕೆ ಸುರಿದವೇ?

ಉತ್ತರ: ಕೆಲವು ವಿಷಯಗಳಲ್ಲಿ ಹೌದು. ಗಡಿಯ ತಪಾಸಣೆ ಹೋದ ಮೇಲೆ ಜರ್ಮನಿ, ಇಟಲಿ ಮೊದಲಾದೆಡೆಯಿಂದ ಕಸ ಪೋಲೆಂಡ್, ಬಲ್ಗೇರಿಯಾ, ರೊಮೇನಿಯಾಗಳಿಗೆ ಹೋಯಿತು. ಅದರಲ್ಲಿ ಕಾನೂನುಬಾಹಿರವಾದದ್ದೂ ಇತ್ತು. 2018ರಲ್ಲಿ ಪೋಲೆಂಡಿನ ಕಸದ ಗೋದಾಮುಗಳು ಒಂದರ ಹಿಂದೆ ಒಂದು ಹೊತ್ತಿ ಉರಿದ ಮೇಲೆ ಸರ್ಕಾರ ಕಾನೂನು ಬಿಗಿಗೊಳಿಸಿತು. ಪಶ್ಚಿಮದ ನಗರಗಳಲ್ಲಿ ಬೇಡವಾದ ಹಳೆಯ ಡೀಸೆಲ್ ಕಾರುಗಳೂ ಲಕ್ಷಗಟ್ಟಲೆ ಪೂರ್ವಕ್ಕೆ ಬಂದು ಇಂದಿಗೂ ಅಲ್ಲಿ ಓಡುತ್ತಿವೆ. ಬರ್ಲಿನ್ನಿನ ಗಾಳಿ ತಿಳಿಯಾದ ಲೆಕ್ಕದಲ್ಲಿ ಬಲ್ಗೇರಿಯಾದ ರಾಜಧಾನಿ ಸೋಫಿಯಾದ ಹೊಗೆಯನ್ನೂ ಸೇರಿಸಬೇಕು.

ಪ್ರಶ್ನೆ: ಹೊಸ ದೇಶಗಳು ನಿಯಮಗಳನ್ನು ಪಾಲಿಸುವುದಷ್ಟೇ ಕೆಲಸವೇ? ಒಕ್ಕೂಟದ ನಿಯಮ ಅವರಿಂದ ಬದಲಾದದ್ದುಂಟೇ?

ಉತ್ತರ: ಉಂಟು. 1995ರಲ್ಲಿ ಆಸ್ಟ್ರಿಯಾ, ಫಿನ್ಲೆಂಡ್, ಸ್ವೀಡನ್ ಸೇರಿದಾಗ ಅವರ ಪರಿಸರ ನಿಯಮಗಳು ಕೆಲವು ವಿಷಯಗಳಲ್ಲಿ ಒಕ್ಕೂಟದ್ದಕ್ಕಿಂತ ಬಿಗಿಯಾಗಿದ್ದವು. ನಾಲ್ಕು ವರ್ಷ ಅವನ್ನು ಉಳಿಸಿಕೊಳ್ಳಲು ಬಿಟ್ಟು, ಅಷ್ಟರೊಳಗೆ ಒಕ್ಕೂಟ ತನ್ನ ನಿಯಮವನ್ನು ಮರುಪರಿಶೀಲಿಸುವುದೆಂದು ಒಪ್ಪಿಕೊಂಡರು. 2004ರಲ್ಲಿ ಹಂಗೇರಿಯ ಬಯಲಿಗಾಗಿ ‘ಪನೋನಿಯನ್’ ಎಂಬ ಹೊಸ ಜೈವಿಕ ವಲಯವನ್ನೂ, 2007ರಲ್ಲಿ ಕಪ್ಪು ಸಮುದ್ರ ಮತ್ತು ಸ್ಟೆಪಿ ಹುಲ್ಲುಬಯಲಿನ ವಲಯಗಳನ್ನೂ ಸಂರಕ್ಷಣಾ ಪಟ್ಟಿಗೆ ಸೇರಿಸಿದರು. ಲಿಂಕ್ಸ್ ಕಾಡುಬೆಕ್ಕು ಎಸ್ಟೋನಿಯಾದಲ್ಲಿ ಸಾಕಷ್ಟಿದೆಯೆಂದು ಆ ದೇಶಕ್ಕೆ ಬೇಟೆಯ ವಿನಾಯಿತಿ ಸಿಕ್ಕಿತು. ಮಾಲ್ಟಾಕ್ಕೆ ಹಾಡುಹಕ್ಕಿಗಳನ್ನು ಬಲೆ ಹಾಕಿ ಹಿಡಿಯುವುದನ್ನು ನಿಲ್ಲಿಸಲು 2008ರ ಕೊನೆಯವರೆಗೆ ಸಮಯ ಕೊಟ್ಟರು. ಅದನ್ನು ವಿನಾಯಿತಿಯ ಹೆಸರಿನಲ್ಲಿ ಮತ್ತೆ ತೆರೆದಾಗ 2018ರಲ್ಲಿ ನ್ಯಾಯಾಲಯ ತಪ್ಪೆಂದು ತೀರ್ಪಿತ್ತಿತು.

ಪ್ರಶ್ನೆ: ಈಗ ಸಾಲಿನಲ್ಲಿ ನಿಂತಿರುವ ಬಾಲ್ಕನ್ ದೇಶಗಳಲ್ಲಿ ಏನಾಗುತ್ತಿದೆ? ಅಲ್ಲಿನ ನದಿಗಳು ಯುರೋಪಿನಲ್ಲೇ ಅತಿ ಸ್ವಚ್ಛ ಎನ್ನುತ್ತಾರೆ.

ಉತ್ತರ: ಅದು ಉತ್ಪ್ರೇಕ್ಷೆಯಲ್ಲ. ಗ್ರೀಸಿನ ಪಿಂಡಸ್ ಪರ್ವತದಲ್ಲಿ ಹುಟ್ಟಿ ಅಲ್ಬೇನಿಯಾದ ಮೂಲಕ ಏಡ್ರಿಯಾಟಿಕ್ ಸೇರುವ ವ್ಯೋಸಾ ನದಿ ಸುಮಾರು 270 ಕಿಲೋಮೀಟರ್ ಉದ್ದಕ್ಕೆ ಬಹುಮಟ್ಟಿಗೆ ಯಾರ ಕಟ್ಟೆಯ ಕಟ್ಟೂ ಇಲ್ಲದೆ ಹರಿಯುತ್ತದೆ. ಬೇಸಿಗೆಯಲ್ಲಿ ಅದು ಬಿಳಿ ಉರುಟುಕಲ್ಲುಗಳ ಅಗಲವಾದ ಹಾಸಿನ ನಡುವೆ ಹಲವು ಎಳೆಗಳಾಗಿ ಸೀಳಿ, ಸೇರಿ, ಪ್ರತಿ ಪ್ರವಾಹದಲ್ಲಿ ದಾರಿ ಬದಲಿಸುತ್ತದೆ. ಅದರ ಮೇಲೆ ಅಣೆಕಟ್ಟುಗಳ ಯೋಜನೆಗಳಿದ್ದವು. ದಂಡೆಯ ಹಳ್ಳಿಗರು, ವಿಜ್ಞಾನಿಗಳು, ಕಾರ್ಯಕರ್ತರು ವರ್ಷಗಟ್ಟಲೆ ಹೋರಾಡಿದರು, ನ್ಯಾಯಾಲಯಕ್ಕೂ ಹೋದರು. 2023ರ ಮಾರ್ಚಿನಲ್ಲಿ ಅಲ್ಬೇನಿಯಾ ಸರ್ಕಾರ ಅದನ್ನು ಕಾಡುನದಿಯ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಯುರೋಪಿನಲ್ಲಿ ಇಂಥದು ಮೊದಲನೆಯದು. ಮಾಂಟೆನೆಗ್ರೊದಲ್ಲಿ ಫ್ಲೆಮಿಂಗೊಗಳು ಬರುವ ಉಲ್ಸಿನ್ ಉಪ್ಪಿನ ಗದ್ದೆಗಳನ್ನು 2019ರಲ್ಲಿ ಸಂರಕ್ಷಿತವೆಂದು ಸಾರುವಲ್ಲಿಯೂ 27ನೆಯ ಅಧ್ಯಾಯದ ಮಾತುಕತೆಯ ಒತ್ತಡ ನೇರವಾಗಿ ಕೆಲಸ ಮಾಡಿತು.

ಇನ್ನೊಂದು ಮುಖವೂ ಇದೆ. ಬಾಲ್ಕನ್ ದೇಶಗಳು ಒಕ್ಕೂಟದೊಂದಿಗೆ ಮಾಡಿಕೊಂಡ ‘ಇಂಧನ ಸಮುದಾಯ’ ಎಂಬ ಒಪ್ಪಂದದ ಪ್ರಕಾರ 2018ರ ಜನವರಿಯಿಂದಲೇ ಕಲ್ಲಿದ್ದಲು ಸ್ಥಾವರಗಳ ಹೊಗೆಯನ್ನು ಮಿತಿಗೆ ತರಬೇಕಾಗಿತ್ತು. ಹಲವು ಸ್ಥಾವರಗಳ ಗಂಧಕದ ಹೊಗೆ ಮಿತಿಯ ಹಲವು ಪಟ್ಟು ಮುಂದುವರಿಯಿತು. ಆ ವಿದ್ಯುತ್ತಿನಲ್ಲಿ ಒಂದು ಪಾಲನ್ನು ಒಕ್ಕೂಟದ ದೇಶಗಳೇ ಕೊಂಡವು. ಸೆರ್ಬಿಯಾದ ಯಾದರ್ ಕಣಿವೆಯ ಲಿಥಿಯಂ ಗಣಿಗೆ ಕೊಟ್ಟ ಅನುಮತಿಯನ್ನು ಜನರ ಪ್ರತಿಭಟನೆಗೆ ಮಣಿದು ಸರ್ಕಾರ 2022ರ ಜನವರಿಯಲ್ಲಿ ರದ್ದು ಮಾಡಿತ್ತು. 2024ರ ಜುಲೈನಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟ ಕೆಲವೇ ದಿನಗಳಲ್ಲಿ ಒಕ್ಕೂಟ ಬೆಲ್‌ಗ್ರೇಡ್‌ಗೆ ಬಂದು ಕಚ್ಚಾವಸ್ತುಗಳ ಒಪ್ಪಂದಕ್ಕೆ ಸಹಿ ಹಾಕಿತು. ಕಣಿವೆಯ ರೈತರು ಒಕ್ಕೂಟದ ಪರಿಸರ ಕಾನೂನನ್ನು ತಮ್ಮ ಗುರಾಣಿ ಎಂದುಕೊಂಡಿದ್ದರೆ ಆ ದಿನ ಅವರಿಗೆ ಎಷ್ಟು ನೋವಾಗಿರಬೇಕೆಂದು ಊಹಿಸಬಹುದು. ಬ್ಯಾಟರಿ ಕಾರಿಗೆ ಲಿಥಿಯಂ ಬೇಕೆಂಬುದು ದಿಟ. ಹಾಗಿದ್ದರೆ ಅದನ್ನು ತೆಗೆಯುವ ಕಣಿವೆಗೆ, ಅದು ಜರ್ಮನಿಯೊಳಗಿದ್ದಿದ್ದರೆ ಎಷ್ಟು ಕಟ್ಟುನಿಟ್ಟು ಇರುತ್ತಿತ್ತೋ ಅಷ್ಟನ್ನೇ ಇಲ್ಲಿಯೂ ಒಕ್ಕೂಟ ಕೇಳಬೇಕು, ಮತ್ತು ಸಹಿ ಹಾಕುವ ಮೊದಲೇ ಕೇಳಬೇಕು.

ವ್ಯೋಸಾದ ವಿಷಯಕ್ಕೆ ಹಿಂತಿರುಗುವುದಾದರೆ, ಉದ್ಯಾನದ ಗಡಿಗೆ ಅನತಿ ದೂರದಲ್ಲಿ, ನದಿ ಸಮುದ್ರ ಸೇರುವಲ್ಲಿನ ನಾರ್ತಾ ಜೌಗುಪ್ರದೇಶದ ಬಳಿ, ವ್ಲೋರಾ ವಿಮಾನನಿಲ್ದಾಣದ ಕಾಮಗಾರಿ 2021ರಲ್ಲಿ ಆರಂಭವಾಯಿತು. ವಲಸೆ ಹಕ್ಕಿಗಳು ಆಫ್ರಿಕಾದಿಂದ ಸಮುದ್ರ ದಾಟಿ ಬಂದು ಮೊದಲು ಇಳಿಯುವ ನೆಲ ಅದು. ಸಂರಕ್ಷಿತ ಪ್ರದೇಶಗಳಲ್ಲಿ ಐಷಾರಾಮಿ ಹೋಟೆಲುಗಳಿಗೆ ಅವಕಾಶ ಕೊಡುವಂತೆ 2024ರಲ್ಲಿ ಅಲ್ಬೇನಿಯಾ ತನ್ನ ಕಾನೂನನ್ನೂ ತಿದ್ದಿತು. ಮಾತುಕತೆ ನಡೆಯುತ್ತಿರುವುದರಿಂದ ಇದನ್ನು ಪ್ರಶ್ನಿಸುವ ಅವಕಾಶ ಒಕ್ಕೂಟಕ್ಕೆ ಇನ್ನೂ ಇದೆ.